ಸಂಸದರನ್ನು ಸಂಸದರ ಕೆಲಸಕ್ಕೇ ಲೆಕ್ಕ ಕೇಳೋಣ

ಮಾನ್ಯ ಸಂಪಾದಕರೇ,

ಸಂಸದರ ಮೇಲೆ ಪತ್ರಿಕೆಗಳ ಓದುಗರ ಅಂಕಣಕ್ಕೆ ಬರುವ ದೂರುಗಳು ಹೆಚ್ಚಾಗಿ ಎರಡೇ ಬಗೆಯವು. ಗೆದ್ದ ಮೇಲೆ ನಮ್ಮೂರ ಕಡೆ ಹಣಿಕಿ ಹಾಕಲಿಲ್ಲ ಎಂಬುದು ಒಂದು. ನಮ್ಮ ಓಣಿಯ ಗಟಾರ, ರಸ್ತೆ, ಬಸ್ ತಂಗುದಾಣ ಇದ್ದ ಹಾಗೇ ಇವೆ ಎಂಬುದು ಇನ್ನೊಂದು. ಸಂಸದರನ್ನು ಹೊಗಳುವವರ ಅಳತೆಗೋಲೂ ಇದೇ: ಮದುವೆಗೆ ಬಂದರು, ಮಣ್ಣಿಗೆ ಬಂದರು, ಸಮುದಾಯ ಭವನಕ್ಕೆ ದುಡ್ಡು ಕೊಟ್ಟರು. ದಿಲ್ಲಿಯಲ್ಲಿ ಏನು ಮಾಡಿದರು ಎಂದು ಕೇಳಿದ ಪತ್ರ ಅಪರೂಪ. 2024ರ ಮೇ 7ರಂದು ಧಾರವಾಡ ಮತ್ತು ಹಾವೇರಿ ಕ್ಷೇತ್ರಗಳ ಮತದಾರರು ಆರಿಸಿ ಕಳಿಸಿದ್ದು ಲೋಕಸಭೆಗೆ. ಅಲ್ಲಿಯ ಕೆಲಸದ ಲೆಕ್ಕ ಬಿಟ್ಟು ಇಲ್ಲಿಯ ಗಟಾರದ ಲೆಕ್ಕ ಕೇಳುತ್ತ ಕೂತರೆ ಗಟಾರವೂ ಆಗುವುದಿಲ್ಲ, ದಿಲ್ಲಿಯ ಕೆಲಸವೂ ಆಗುವುದಿಲ್ಲ. ಆ ಲೆಕ್ಕ ಕೇಳುವುದು ಹೇಗೆ ಎಂಬುದನ್ನು ವಿವರವಾಗಿ ಬರೆಯುತ್ತಿದ್ದೇನೆ. ಉದ್ದವಾದರೂ ಪ್ರಕಟಿಸಬೇಕೆಂದು ವಿನಂತಿ.

ಮೊದಲು ನಮ್ಮ ಸಂಸದರು ಯಾರು ಎಂಬುದೇ ಎಷ್ಟೋ ಕಡೆ ಗೊಂದಲ. ಜಿಲ್ಲೆಯ ಗಡಿ ಬೇರೆ, ಲೋಕಸಭಾ ಕ್ಷೇತ್ರದ ಗಡಿ ಬೇರೆ. ಗದಗ ಜಿಲ್ಲೆಯ ಗದಗ, ರೋಣ, ಶಿರಹಟ್ಟಿ ವಿಧಾನಸಭಾ ಕ್ಷೇತ್ರಗಳು ಹಾವೇರಿ ಲೋಕಸಭಾ ಕ್ಷೇತ್ರದಲ್ಲಿವೆ. ಅದೇ ಜಿಲ್ಲೆಯ ನರಗುಂದ ಮಾತ್ರ ಬಾಗಲಕೋಟೆಗೆ ಸೇರಿದೆ. ಹಾವೇರಿ ಜಿಲ್ಲೆಯ ಶಿಗ್ಗಾವಿ ಧಾರವಾಡಕ್ಕೆ ಸೇರಿದೆ. ಹಾಗಾಗಿ ಮಹದಾಯಿ ನದಿ ನೀರಿನ ಹೋರಾಟದ ನೆಲಗಳಾದ ನರಗುಂದ ಮತ್ತು ನವಲಗುಂದ ಅಕ್ಕಪಕ್ಕದಲ್ಲೇ ಇದ್ದರೂ ದಿಲ್ಲಿಯಲ್ಲಿ ಅವುಗಳ ಪರ ಮಾತಾಡಬೇಕಾದವರು ಬೇರೆ ಬೇರೆ ಸಂಸದರು. ಒಬ್ಬರ ಮೇಲೆ ಹಾಕಿ ಇನ್ನೊಬ್ಬರನ್ನು ಬಿಟ್ಟುಬಿಡುವುದು ಇಲ್ಲಿಂದಲೇ ಶುರುವಾಗುತ್ತದೆ.

ಗಟಾರದ ಮಾತಿಗೆ ಬರೋಣ. ಸಂಸದರ ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿ ವರ್ಷಕ್ಕೆ 5 ಕೋಟಿ ರೂಪಾಯಿ. ನಮ್ಮ ಎರಡೂ ಕ್ಷೇತ್ರಗಳಲ್ಲಿ ತಲಾ ಎಂಟು ವಿಧಾನಸಭಾ ಕ್ಷೇತ್ರಗಳಿವೆ. ಸಮನಾಗಿ ಹಂಚಿದರೆ ಒಂದಕ್ಕೆ 62.5 ಲಕ್ಷ. ಶಾಸಕರ ನಿಧಿಯೇ ಒಂದು ವಿಧಾನಸಭಾ ಕ್ಷೇತ್ರಕ್ಕೆ ವರ್ಷಕ್ಕೆ 2 ಕೋಟಿ ಇದೆ. ಸಂಸದರ ನಿಧಿಯಿಂದ ಊರೂರಿನ ಗಟಾರ ಆಗಲಿ ಎಂದು ಬಯಸುವುದು ಲೆಕ್ಕಕ್ಕೇ ಹೊಂದುವುದಿಲ್ಲ. ಈ ಹಣ ಸಂಸದರ ಕೈಗೆ ಬರುವುದೂ ಇಲ್ಲ. ಅವರು ಕಾಮಗಾರಿ ಶಿಫಾರಸು ಮಾಡುತ್ತಾರೆ. ನಿಯಮಕ್ಕೆ ಒಪ್ಪುತ್ತದೋ ಇಲ್ಲವೋ ನೋಡಿ ಮಂಜೂರು ಮಾಡುವುದು, ಗುತ್ತಿಗೆ ಕೊಡುವುದು, ಬಿಲ್ ಪಾವತಿಸುವುದು ಎಲ್ಲ ಜಿಲ್ಲಾಡಳಿತದ ಕೆಲಸ. ನಿಧಿಯಲ್ಲಿ ಶೇ 15ರಷ್ಟು ಪರಿಶಿಷ್ಟ ಜಾತಿ, ಶೇ 7.5ರಷ್ಟು ಪರಿಶಿಷ್ಟ ಪಂಗಡದ ಜನರಿರುವ ಪ್ರದೇಶಗಳಿಗೆ ಹೋಗಬೇಕು. ತಂಗುದಾಣದ ಮೇಲೆ ದೊಡ್ಡದಾಗಿ ಸಂಸದರ ಹೆಸರು ಬರೆದಿರುವುದನ್ನು ಕಂಡು ‘ಸಾಹೇಬ್ರು ಕೊಟ್ಟಿದ್ದು’ ಅನ್ನುತ್ತೇವೆ. ಕೊಟ್ಟದ್ದು ಖಜಾನೆ.

ಜನ ಸಂಸದರ ಮನೆ ಬಾಗಿಲಿಗೆ ಗಟಾರ ಹೊತ್ತುಕೊಂಡು ಹೋಗುವುದಕ್ಕೆ ಕಾರಣವಿದೆ, ಅವರನ್ನು ದೂರಲಾರೆ. ಹುಬ್ಬಳ್ಳಿ-ಧಾರವಾಡ ಮಹಾನಗರ ಪಾಲಿಕೆಯ ಹಿಂದಿನ ಕೌನ್ಸಿಲ್ ಅವಧಿ 2019ರಲ್ಲಿ ಮುಗಿದರೂ 82 ವಾರ್ಡುಗಳಿಗೆ ಚುನಾವಣೆ ನಡೆದದ್ದು 2021ರ ಸೆಪ್ಟೆಂಬರ್‌ನಲ್ಲಿ. ಅದುವರೆಗೆ ಅಧಿಕಾರಿಗಳದ್ದೇ ಆಡಳಿತ. 2021ರಲ್ಲಿ ಅವಧಿ ಮುಗಿದ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳಿಗೆ ವರ್ಷಗಟ್ಟಲೆ ಚುನಾವಣೆಯೇ ಆಗಲಿಲ್ಲ. ಬಿಜೆಪಿ ಸರ್ಕಾರವೂ ಮುಂದೂಡಿತು, ಕಾಂಗ್ರೆಸ್ ಸರ್ಕಾರವೂ ಮುಂದೂಡಿತು. ಕೆಳಗಿನ ಕುರ್ಚಿ ಖಾಲಿ ಇದ್ದರೆ ಮಂದಿ ಮೇಲಿನವರ ಬೆನ್ನು ಹತ್ತುತ್ತಾರೆ. ಮೇಲಿನವರಿಗೂ ಅದು ಅನುಕೂಲವೇ. ಗಟಾರ ಮಾಡಿಸಿಕೊಟ್ಟು ಓಟು ಕೇಳುವುದು ಸುಲಭ. ಸದನದಲ್ಲಿ ಏನು ಮಾಡಿದಿರಿ ಎಂಬ ಪ್ರಶ್ನೆ ಬರುವುದೇ ಇಲ್ಲ.

ಸದನದ ಕೆಲಸ ನೋಡುವುದು ಕಷ್ಟವಲ್ಲ. ಸಂಸತ್ತಿನ ಜಾಲತಾಣದಲ್ಲಿ ಪ್ರತಿ ಸದಸ್ಯರ ಹೆಸರಿನ ಕೆಳಗೆ ಕೇಳಿದ ಪ್ರಶ್ನೆಗಳು, ಅವಕ್ಕೆ ಬಂದ ಉತ್ತರಗಳು, ಭಾಗವಹಿಸಿದ ಚರ್ಚೆಗಳು ಸಿಗುತ್ತವೆ. ಪಿಆರ್‌ಎಸ್ ಎಂಬ ಸಂಶೋಧನಾ ಸಂಸ್ಥೆ ಇದನ್ನೇ ಸೋಸಿ, ಹಾಜರಿಯ ಶೇಕಡಾವಾರು ಸಮೇತ ಒಂದೇ ಪುಟದಲ್ಲಿ ಕೊಡುತ್ತದೆ. ಆದರೆ ಸಂಖ್ಯೆಗಳನ್ನು ಹಾಗೇ ನಂಬಿದರೆ ಮೋಸ ಹೋಗುತ್ತೇವೆ. ಹಾಜರಿ ಎಂದರೆ ಆ ದಿನ ಬಂದದ್ದು ದಾಖಲಾಗಿದೆ ಎಂದಷ್ಟೇ ಅರ್ಥ. ಹತ್ತು ನಿಮಿಷ ಕೂತರೋ ಸಂಜೆಯ ತನಕ ಕೂತರೋ ತಿಳಿಯುವುದಿಲ್ಲ. ಪ್ರಶ್ನೆಗಳ ಸಂಖ್ಯೆಯೂ ಹಾಗೆಯೇ. ಒಂದೇ ಪ್ರಶ್ನೆಯನ್ನು ಏಳೆಂಟು ಸದಸ್ಯರು ಒಟ್ಟಾಗಿ ಕೇಳಿದಾಗ ಎಲ್ಲರ ಖಾತೆಗೂ ಒಂದೊಂದು ಜಮೆಯಾಗುತ್ತದೆ. ಎಣಿಸುವುದಕ್ಕಿಂತ ಓದುವುದು ಮುಖ್ಯ.

ಬೆಳಿಗ್ಗೆ 11ರಿಂದ 12ರವರೆಗೆ ಪ್ರಶ್ನೋತ್ತರ ಅವಧಿ. ದಿನಕ್ಕೆ 20 ಚುಕ್ಕೆ ಗುರುತಿನ ಪ್ರಶ್ನೆಗಳು, 230 ಚುಕ್ಕೆ ರಹಿತ ಪ್ರಶ್ನೆಗಳು ಪಟ್ಟಿಗೆ ಬರುತ್ತವೆ. ಚುಕ್ಕೆಯದಕ್ಕೆ ಸಚಿವರು ಎದ್ದು ನಿಂತು ಉತ್ತರಿಸಬೇಕು, ಮೇಲೆ ಉಪಪ್ರಶ್ನೆ ಕೇಳಬಹುದು. ಆದರೆ ಒಂದು ಗಂಟೆಯಲ್ಲಿ ನಾಲ್ಕೈದು ಮುಗಿದರೆ ಹೆಚ್ಚು. ಉಳಿದವಕ್ಕೆ ಬರಹದ ಉತ್ತರ ಮಾತ್ರ. ಯಾರ ಪ್ರಶ್ನೆ ಮೇಲೆ ಬರಬೇಕು ಎಂಬುದು ಚೀಟಿ ಎತ್ತುವುದರಲ್ಲಿ ತೀರ್ಮಾನವಾಗುತ್ತದೆ. ಪ್ರಶ್ನೆ ಸಾಮಾನ್ಯವಾಗಿ 150 ಪದ ಮೀರಬಾರದು, ರಾಜ್ಯ ಸರ್ಕಾರದ ವ್ಯಾಪ್ತಿಯ ವಿಷಯವಾಗಿರಬಾರದು, ಕನಿಷ್ಠ 15 ದಿನ ಮುಂಚೆ ಕೊಟ್ಟಿರಬೇಕು.

ಒಳ್ಳೆಯ ಪ್ರಶ್ನೆ ಯಾವುದು, ಕೆಟ್ಟದ್ದು ಯಾವುದು ಎಂಬುದಕ್ಕೆ ನಮ್ಮದೇ ಉದಾಹರಣೆ ತೆಗೆದುಕೊಳ್ಳೋಣ. ಹುಬ್ಬಳ್ಳಿ–ಅಂಕೋಲಾ ರೈಲು ಮಾರ್ಗಕ್ಕೆ 1999ರಲ್ಲಿ ಅಟಲ್ ಬಿಹಾರಿ ವಾಜಪೇಯಿಯವರು ಅಡಿಗಲ್ಲು ಹಾಕಿದರು. ಕಾಲು ಶತಮಾನ ದಾಟಿದರೂ ಘಟ್ಟದ ಕಾಡಿನ ಅನುಮತಿಯಲ್ಲೇ ಸಿಕ್ಕಿಕೊಂಡಿದೆ. ‘ಹುಬ್ಬಳ್ಳಿ–ಅಂಕೋಲಾ ಮಾರ್ಗದ ಮಹತ್ವ ಸರ್ಕಾರದ ಗಮನದಲ್ಲಿದೆಯೇ, ಇದ್ದರೆ ಕೈಗೊಂಡ ಕ್ರಮಗಳೇನು?’ ಎಂದು ಕೇಳಿದರೆ ಉತ್ತರ ಕೇಳುವ ಮುಂಚೆಯೇ ಗೊತ್ತು: ಗಮನದಲ್ಲಿದೆ, ಯೋಜನೆಯ ಪ್ರಗತಿ ಭೂಸ್ವಾಧೀನ, ಅರಣ್ಯ ಅನುಮತಿ ಮತ್ತು ರಾಜ್ಯದ ಸಹಕಾರವನ್ನು ಅವಲಂಬಿಸಿದೆ. ಸಂಸದರ ಖಾತೆಗೆ ಒಂದು ಪ್ರಶ್ನೆ ಜಮೆ, ನಮಗೆ ಏನೂ ಇಲ್ಲ. ಅದೇ ವಿಷಯವನ್ನು ಹೀಗೆ ಕೇಳಬಹುದು: ಕಳೆದ ಮಾರ್ಚ್ 31ರವರೆಗೆ ಖರ್ಚಾದದ್ದು ಎಷ್ಟು, ಪರಿಷ್ಕೃತ ಪ್ರಸ್ತಾವವನ್ನು ವನ್ಯಜೀವಿ ಮಂಡಳಿಗೆ ಸಲ್ಲಿಸಿದ ದಿನಾಂಕ ಯಾವುದು, ಮಂಡಳಿ ಕೇಳಿದ ವಿವರಣೆಗಳಲ್ಲಿ ಯಾವುದಕ್ಕೆ ಇನ್ನೂ ಉತ್ತರ ಹೋಗಿಲ್ಲ, ಉತ್ತರ ಕೊಡಬೇಕಾದದ್ದು ರೈಲ್ವೆಯೋ ರಾಜ್ಯದ ಅರಣ್ಯ ಇಲಾಖೆಯೋ? ದಿನಾಂಕ, ಮೊತ್ತ, ಕಚೇರಿ — ಈ ಮೂರನ್ನು ಕೇಳಿದರೆ ಸಚಿವಾಲಯ ಜಾರಿಕೊಳ್ಳುವುದು ಕಷ್ಟ. ಕಡತ ಯಾರ ಮೇಜಿನ ಮೇಲೆ ಕೂತಿದೆ ಎಂಬುದು ಮುದ್ರಿತ ದಾಖಲೆಯಲ್ಲಿ ಬರುತ್ತದೆ. ಅದು ಬೆಂಗಳೂರಿನಲ್ಲಿ ಕೂತಿದ್ದರೆ ಶಾಸಕರನ್ನು, ದಿಲ್ಲಿಯಲ್ಲಿ ಕೂತಿದ್ದರೆ ಸಂಸದರನ್ನು ಹಿಡಿಯಬಹುದು.

‘ಪರಿಶೀಲನೆಯಲ್ಲಿದೆ’, ‘ಮಾಹಿತಿ ಸಂಗ್ರಹಿಸಿ ಸದನದ ಮುಂದೆ ಇಡಲಾಗುವುದು’ ಎಂಬ ಉತ್ತರ ಬಂದಾಗ ಜನ ಕೈಚೆಲ್ಲುತ್ತಾರೆ. ಅಲ್ಲೇ ಒಂದು ಹಿಡಿಕೆ ಇದೆ. ಇಂಥ ಮಾತುಗಳನ್ನು ಸಂಸತ್ತು ಸರ್ಕಾರದ ಭರವಸೆ ಎಂದು ಪಟ್ಟಿ ಮಾಡುತ್ತದೆ. ಮೂರು ತಿಂಗಳಲ್ಲಿ ಈಡೇರಿಸಬೇಕು, ಆಗದಿದ್ದರೆ ಭರವಸೆಗಳ ಸಮಿತಿಯ ಮುಂದೆ ಕಾಲಾವಕಾಶ ಕೇಳಬೇಕು. ಆದದ್ದೇನೆಂದರೆ, ಪ್ರಶ್ನೆ ಕೇಳಿದ ಸದಸ್ಯರೇ ಬೆನ್ನು ಹತ್ತದಿದ್ದರೆ ಸಚಿವಾಲಯ ಗಡುವಿನ ಮೇಲೆ ಗಡುವು ಪಡೆಯುತ್ತ ಹೋಗುತ್ತದೆ, ಕೊನೆಗೆ ಭರವಸೆ ಕೈಬಿಡಿ ಎಂದು ಕೋರುತ್ತದೆ. ಒಬ್ಬ ಸಂಸದ ಒಂದು ಪ್ರಶ್ನೆಯನ್ನು ಎರಡು ಮೂರು ಅಧಿವೇಶನ ಬಿಡದೆ ಅಟ್ಟಿಸಿಕೊಂಡು ಹೋಗಿದ್ದಾರೆಯೇ ಎಂಬುದನ್ನು ನೂರು ಬಿಡಿ ಪ್ರಶ್ನೆಗಳಿಗಿಂತ ದೊಡ್ಡ ಕೆಲಸವೆಂದು ಎಣಿಸುತ್ತೇನೆ.

ವಾಟ್ಸ್‌ಆ್ಯಪ್‌ನಲ್ಲಿ ಹೆಚ್ಚು ಓಡಾಡುವುದು ಶೂನ್ಯವೇಳೆಯ, ಅಂದರೆ ಸದಸ್ಯರು ತುರ್ತು ವಿಷಯ ಎತ್ತುವ ಹೊತ್ತಿನ ತುಣುಕುಗಳು. ಸಂಸದರು ಜೋರಾಗಿ ಮಾತಾಡಿದ್ದು ಕಾಣುತ್ತದೆ, ನಮಗೂ ಹೆಮ್ಮೆಯಾಗುತ್ತದೆ. ಶೂನ್ಯವೇಳೆಯ ಮಾತಿಗೆ ಸಚಿವರು ಉತ್ತರಿಸಲೇಬೇಕು ಎಂಬ ಕಟ್ಟುಪಾಡಿಲ್ಲ. ಲೋಕಸಭೆಯ ಕಲಾಪ ನಿಯಮ 377ರ ಅಡಿ ವಿಷಯ ಮಂಡಿಸಿದರೆ ಸಚಿವಾಲಯದಿಂದ ಬರಹದ ಉತ್ತರ ಬರುತ್ತದೆ. ತುಣುಕು ಕಳಿಸಿದವರನ್ನು ಕೇಳಿ: ಇದು ಯಾವುದರ ಅಡಿ, ಉತ್ತರ ಬಂತೇ?

ಸಚಿವರಾದ ಸಂಸದರ ಲೆಕ್ಕ ಬೇರೆ. ಸಚಿವರು ಪ್ರಶ್ನೆ ಕೇಳುವಂತಿಲ್ಲ, ಹಾಜರಿ ಹಾಕುವುದಿಲ್ಲ, ಇಲಾಖೆಗಳ ಸ್ಥಾಯಿ ಸಮಿತಿಯಲ್ಲಿ ಇರುವಂತಿಲ್ಲ. ಧಾರವಾಡದಿಂದ 2004ರಿಂದ ಗೆಲ್ಲುತ್ತ ಬಂದಿರುವ ಪ್ರಲ್ಹಾದ ಜೋಶಿಯವರು 2019ರಿಂದ ಸಚಿವರು. ಅವರ ಹೆಸರಿನ ಮುಂದೆ ಪ್ರಶ್ನೆಗಳು ಸೊನ್ನೆ ಎಂದು ಪಟ್ಟಿ ಹಂಚುವುದು ಅನ್ಯಾಯ. ಅವರನ್ನು ಅವರ ಖಾತೆಗಳ ಕೆಲಸದಿಂದ ಅಳೆಯಬೇಕು. 2019ರಿಂದ 2024ರವರೆಗೆ ಅವರ ಬಳಿ ಇದ್ದದ್ದು ಕಲ್ಲಿದ್ದಲು, ಗಣಿಗಳ ಜೊತೆಗೆ ಸಂಸದೀಯ ವ್ಯವಹಾರ, ಅಂದರೆ ಸರ್ಕಾರದ ಪರವಾಗಿ ಸದನದ ಕಲಾಪ ಹೊಂದಿಸುವ ಖಾತೆ. ಆ ಅವಧಿಯ 17ನೇ ಲೋಕಸಭೆ ಐದು ವರ್ಷಗಳಲ್ಲಿ ಕೂತದ್ದು 274 ದಿನ. ಅವಧಿ ಪೂರೈಸಿದ ಲೋಕಸಭೆಗಳಲ್ಲಿ ಇದೇ ಕಡಿಮೆ. ಮೊದಲ ಲೋಕಸಭೆ ವರ್ಷಕ್ಕೆ ಸರಾಸರಿ 135 ದಿನ ಕೂತಿತ್ತು, ಇದು 55. ಸಂವಿಧಾನದ 93ನೇ ವಿಧಿ ಲೋಕಸಭೆಯ ಡೆಪ್ಯುಟಿ ಸ್ಪೀಕರ್ ಅವರನ್ನು ಆದಷ್ಟು ಬೇಗ ಆರಿಸಬೇಕು ಎನ್ನುತ್ತದೆ. ಐದೂ ವರ್ಷ ಆ ಸ್ಥಾನ ಖಾಲಿ ಇತ್ತು. ಸಮಿತಿಗೆ ಹೋದ ಮಸೂದೆಗಳು ಶೇ 16 ಮಾತ್ರ. 15ನೇ ಲೋಕಸಭೆಯಲ್ಲಿ ಶೇ 71 ಹೋಗಿದ್ದವು. 2023–24ರ ಬಜೆಟ್‌ನಲ್ಲಿ ಒಂದೇ ಒಂದು ಸಚಿವಾಲಯ ಖರ್ಚಿಗೆ ಕೇಳಿದ ಹಣದ ಬೇಡಿಕೆಯ ಮೇಲೂ ಲೋಕಸಭೆಯಲ್ಲಿ ಚರ್ಚೆಯಾಗದೆ ಎಲ್ಲವೂ ಒಟ್ಟಿಗೆ ಮತಕ್ಕೆ ಬಿದ್ದು ಅಂಗೀಕಾರವಾಯಿತು. ಅದೇ ವರ್ಷ ಡಿಸೆಂಬರ್‌ನಲ್ಲಿ ಎರಡೂ ಸದನಗಳಿಂದ 146 ವಿರೋಧ ಪಕ್ಷದ ಸದಸ್ಯರು ಅಮಾನತಾದರು. ಕಲಾಪ ಕೆಡಿಸಿದ್ದರಲ್ಲಿ ವಿರೋಧ ಪಕ್ಷಗಳ ಪಾಲಿಲ್ಲ ಎನ್ನುವುದಿಲ್ಲ. ಫಲಕ ಹಿಡಿದು ಸದನದ ಬಾವಿಗಿಳಿಯುವುದನ್ನೇ ಕೆಲಸ ಮಾಡಿಕೊಂಡವರು ಎಲ್ಲ ಪಕ್ಷಗಳಲ್ಲೂ ಇದ್ದಾರೆ, ಜಾಗ ಬದಲಾದಾಗ ಪಾತ್ರವೂ ಬದಲಾಗುತ್ತದೆ ಅಷ್ಟೆ. ಆದರೆ ಸದನ ನಡೆಸುವ ಹೊಣೆ ಮೊದಲು ಸರ್ಕಾರದ್ದು. ಇದನ್ನು ಧಾರವಾಡದ ಮತದಾರರು ತಮ್ಮ ಸಂಸದರನ್ನೇ ನೇರವಾಗಿ ಕೇಳಬಹುದಿತ್ತು. 2024ರ ಪ್ರಚಾರದಲ್ಲಿ ಇದು ವಿಷಯವೇ ಆಗಲಿಲ್ಲ. ಎದುರಾಳಿಗಳೂ ಎತ್ತಲಿಲ್ಲ, ನಾವೂ ಕೇಳಲಿಲ್ಲ.

ಹಾವೇರಿಯಿಂದ 2024ರಲ್ಲಿ ಆಯ್ಕೆಯಾದ ಬಸವರಾಜ ಬೊಮ್ಮಾಯಿಯವರು ಮುಖ್ಯಮಂತ್ರಿಯಾಗಿದ್ದವರು, ಅದಕ್ಕೂ ಮುಂಚೆ ನೀರಾವರಿ ಖಾತೆ ನೋಡಿದವರು. ಅವರಿಗೆ ಪ್ರಶ್ನೆ, ನಿಯಮ 377, ಸಮಿತಿ ಎಲ್ಲ ಬಾಗಿಲುಗಳೂ ತೆರೆದಿವೆ. ಕಡತ ಎಲ್ಲಿ ಸಿಕ್ಕಿಕೊಳ್ಳುತ್ತದೆ ಎಂದು ಬಲ್ಲವರಿಂದ ಹೊಸಬರಿಗಿಂತ ಹೆಚ್ಚಿನದನ್ನು ಬಯಸುವುದು ನ್ಯಾಯ.

ಸ್ಥಾಯಿ ಸಮಿತಿಗಳ ಬಗ್ಗೆ ಹೆಚ್ಚು ಜನರಿಗೆ ತಿಳಿದಿಲ್ಲ. ಇಲಾಖೆಗಳಿಗೆ ಸಂಬಂಧಿಸಿದ 24 ಸಮಿತಿಗಳಿವೆ. ಪ್ರತಿಯೊಂದರಲ್ಲೂ ಲೋಕಸಭೆಯ 21, ರಾಜ್ಯಸಭೆಯ 10 ಸದಸ್ಯರು. ಬಾಗಿಲು ಹಾಕಿಕೊಂಡು ಕೂರುತ್ತಾರೆ, ಕ್ಯಾಮೆರಾ ಇಲ್ಲ. ಕಾರ್ಯದರ್ಶಿಗಳನ್ನು ಕರೆಸಿ ಕಾಗದ ಕೇಳುತ್ತಾರೆ. ಸದನದಲ್ಲಿ ಪಕ್ಷದ ವಿಪ್, ಅಂದರೆ ಪಕ್ಷದ ಆದೇಶ ಮೀರಿ ಮತ ಹಾಕಿದರೆ ಪಕ್ಷಾಂತರ ತಡೆಯುವ 10ನೇ ಅನುಸೂಚಿಯ ಪ್ರಕಾರ ಸ್ಥಾನವೇ ಹೋಗಬಹುದು. ಸಮಿತಿಯಲ್ಲಿ ಆ ಭಯವಿಲ್ಲ. ಹಾಗಾಗಿ ಪಕ್ಷದ ಬಾಯಿ ಬಿಟ್ಟು ಕ್ಷೇತ್ರದ ಬಾಯಲ್ಲಿ ಮಾತಾಡಲು ಸಂಸದರಿಗೆ ಇರುವ ಒಳ್ಳೆಯ ಜಾಗ ಅದು. ನಮ್ಮ ಸಂಸದರು ಯಾವ ಸಮಿತಿಯಲ್ಲಿದ್ದಾರೆ, ಎಷ್ಟು ಸಭೆಗೆ ಹೋದರು ಎಂಬುದು ಸಮಿತಿಯ ವರದಿಯ ಕೊನೆಗೆ ಹಾಕಿದ ಸಭಾ ನಡಾವಳಿಯಲ್ಲಿ ಸಿಗುತ್ತದೆ.

ಯಾವ ಕಾನೂನಿಗೆ ಯಾರು ಏನು ಮತ ಹಾಕಿದರು ಎಂಬುದನ್ನು ತಿಳಿಯಹೋದರೆ ಗೋಡೆಗೆ ಮುಖ ತಾಗುತ್ತದೆ. ಸಂವಿಧಾನ ತಿದ್ದುಪಡಿಯಾದರೆ ಎಣಿಕೆ ಕಡ್ಡಾಯ. ಮಹಿಳಾ ಮೀಸಲಾತಿ ಮಸೂದೆಗೆ 2023ರ ಸೆಪ್ಟೆಂಬರ್ 20ರಂದು ಲೋಕಸಭೆಯಲ್ಲಿ ಪರವಾಗಿ 454, ವಿರುದ್ಧ 2 ಮತ ಬಿದ್ದದ್ದು ದಾಖಲಾಗಿದೆ. ಸಾಮಾನ್ಯ ಮಸೂದೆಗಳಿಗೆ ಧ್ವನಿಮತ. ‘ಹೌದು’ ಅನ್ನುವವರು ಹೌದೆನ್ನಿ, ‘ಇಲ್ಲ’ ಅನ್ನುವವರು ಇಲ್ಲವೆನ್ನಿ, ಮುಗಿಯಿತು. ಮತವಿಭಜನೆ, ಅಂದರೆ ಮತಗಳ ಎಣಿಕೆ ಆಗದಿದ್ದರೆ ಹೆಸರು ದಾಖಲಾಗುವುದಿಲ್ಲ. ಬ್ಯಾಡಗಿಯ ಮೆಣಸಿನಕಾಯಿ ಪೇಟೆ, ಹುಬ್ಬಳ್ಳಿಯ ಅಮರಗೋಳ ಎಪಿಎಂಸಿ, ಗದಗಿನ ಪೇಟೆ — ಇವುಗಳ ಮೇಲೆ ಬದುಕುವ ರೈತರು, ಹಮಾಲರು, ದಲಾಲರು ನಮ್ಮಲ್ಲಿ ಎಷ್ಟು ಸಾವಿರವೋ. ಮಾರುಕಟ್ಟೆಯ ನಿಯಮವನ್ನೇ ಬದಲಿಸುವ ಕೃಷಿ ಮಸೂದೆಗಳು ಸಮಿತಿಗೂ ಹೋಗಲಿಲ್ಲ. 2020ರ ಸೆಪ್ಟೆಂಬರ್ 20ರಂದು ರಾಜ್ಯಸಭೆಯಲ್ಲಿ ಮತವಿಭಜನೆಗೆ ಒತ್ತಾಯ ಬಂದರೂ ಧ್ವನಿಮತದಲ್ಲೇ ಅಂಗೀಕಾರವಾದವು. 2021ರ ನವೆಂಬರ್ 29ರಂದು ವಾಪಸ್ ಪಡೆದದ್ದೂ ಚರ್ಚೆಯಿಲ್ಲದೆ. ಕಾನೂನು ಒಳ್ಳೆಯದಿತ್ತು ಎನ್ನುವವರಿಗೂ ಕೆಟ್ಟದ್ದಿತ್ತು ಎನ್ನುವವರಿಗೂ ಒಂದೇ ಅನ್ಯಾಯವಾಯಿತು: ತರುವಾಗ ಯಾಕೆ ತಂದರು, ಒಯ್ಯುವಾಗ ಯಾಕೆ ಒಯ್ದರು ಎಂಬುದಕ್ಕೆ ನಮ್ಮ ಪ್ರತಿನಿಧಿಗಳ ಬಾಯಿಂದ ಸದನದಲ್ಲಿ ಸರಿಯಾದ ಉತ್ತರ ಬರಲಿಲ್ಲ.

ಮಹದಾಯಿಯಲ್ಲಿ ಆಗಿರುವುದೂ ಇಂಥದ್ದೇ ಜಾರಿಕೆ. ನ್ಯಾಯಮಂಡಳಿ 2018ರ ಆಗಸ್ಟ್ 14ರಂದು ತೀರ್ಪು ಕೊಟ್ಟಿತು. ಕರ್ನಾಟಕಕ್ಕೆ 13.42 ಟಿಎಂಸಿ. ಆದರೆ ಅದರಲ್ಲಿ ಮಲಪ್ರಭೆಗೆ ತಿರುಗಿಸಬಹುದಾದದ್ದು ಕಳಸಾದಿಂದ 1.72, ಬಂಡೂರಿಯಿಂದ 2.18, ಒಟ್ಟು 3.9 ಟಿಎಂಸಿ ಮಾತ್ರ. ನಾವು ಕೇಳಿದ್ದು 7.56. ವೇದಿಕೆಯ ಮೇಲೆ 13.42 ಎಂದು ಹೇಳಿ ಚಪ್ಪಾಳೆ ಗಿಟ್ಟಿಸಿದವರು ಎರಡೂ ಪಕ್ಷಗಳಲ್ಲಿ ಇದ್ದಾರೆ. ಉಳಿದ ನೀರಿನ ದೊಡ್ಡ ಪಾಲು ಜಲವಿದ್ಯುತ್ತಿಗೆ, ಅದು ನಮ್ಮ ನಲ್ಲಿಗೆ ಬರುವುದಿಲ್ಲ. ತೀರ್ಪು ರಾಜ್ಯಪತ್ರದಲ್ಲಿ ಪ್ರಕಟವಾದದ್ದು 2020ರ ಫೆಬ್ರುವರಿ 27ರಂದು. ಕೇಂದ್ರ ಜಲ ಆಯೋಗ ಪರಿಷ್ಕೃತ ಯೋಜನಾ ವರದಿಗೆ ಒಪ್ಪಿದ್ದು 2022ರ ಡಿಸೆಂಬರ್‌ನಲ್ಲಿ. ಆಗ ಹುಬ್ಬಳ್ಳಿಯಲ್ಲಿ ಪಟಾಕಿ ಹೊಡೆದರು. ಆದರೆ ಯೋಜನಾ ವರದಿಯ ಒಪ್ಪಿಗೆ ಬೇರೆ, ಅರಣ್ಯ ಅನುಮತಿ ಬೇರೆ, ವನ್ಯಜೀವಿ ಮಂಡಳಿಯ ಅನುಮತಿ ಬೇರೆ. ಕೊನೆಯ ಎರಡು ಕೇಂದ್ರ ಪರಿಸರ ಸಚಿವಾಲಯದ ಮೂಲಕ ಬರಬೇಕು, ಅದಕ್ಕೆ ಬೇಕಾದ ಕಾಗದ ರಾಜ್ಯದ ಇಲಾಖೆಗಳಿಂದ ಸರಿಯಾಗಿ ಹೋಗಿರಬೇಕು, ಕರ್ನಾಟಕ, ಗೋವಾ, ಮಹಾರಾಷ್ಟ್ರ ಮೂರೂ ರಾಜ್ಯಗಳ ಮೇಲ್ಮನವಿಗಳು ಸುಪ್ರೀಂ ಕೋರ್ಟಿನಲ್ಲಿವೆ. ಹೀಗೆ ಮೂರು ಬೀಗ ಇರುವಲ್ಲಿ ಒಂದೊಂದು ಪಕ್ಷ ತನಗೆ ಬೇಡವಾದ ಬೀಗವನ್ನೇ ತೋರಿಸುತ್ತದೆ. ಕಾಂಗ್ರೆಸ್ಸಿನವರು ದಿಲ್ಲಿಯ ಬೀಗ, ಬಿಜೆಪಿಯವರು ಬೆಂಗಳೂರಿನ ಬೀಗ. ಗೋವಾದಿಂದ ಲೋಕಸಭೆಗೆ ಇಬ್ಬರೇ ಸದಸ್ಯರು, ನಮ್ಮಿಂದ 28. ಸಂಖ್ಯೆಯೇ ಬಲವಾಗಿದ್ದರೆ ನೀರು ಯಾವಾಗಲೋ ಹರಿಯಬೇಕಿತ್ತು. 1980ರ ಜುಲೈ 21ರಂದು ನರಗುಂದ, ನವಲಗುಂದದಲ್ಲಿ ಗುಂಡಿಗೆ ಬಿದ್ದ ರೈತರ ಹೆಸರನ್ನು ಪ್ರತಿ ವರ್ಷ ವೇದಿಕೆಯಲ್ಲಿ ಹೇಳುವವರು, ಯಾವ ಅನುಮತಿ ಯಾವ ದಿನಾಂಕದಿಂದ ಯಾರ ಬಳಿ ಬಾಕಿ ಇದೆ ಎಂಬ ಒಂದು ಪುಟದ ಕಾಗದ ಓದಿ ಹೇಳಲಿ. ಅದಕ್ಕಿಂತ ದೊಡ್ಡ ಗೌರವ ಅವರಿಗೆ ಬೇಡ.

ಹಣದ ವಿಷಯದಲ್ಲೂ ಹೀಗೆಯೇ. ಕೇಂದ್ರವು ರಾಜ್ಯಗಳಿಗೆ ಹಂಚುವ ತೆರಿಗೆಯಲ್ಲಿ ಕರ್ನಾಟಕದ ಪಾಲು 14ನೇ ಹಣಕಾಸು ಆಯೋಗದಲ್ಲಿ ಶೇ 4.713 ಇತ್ತು, 15ನೆಯದರಲ್ಲಿ ಶೇ 3.647ಕ್ಕೆ ಇಳಿಯಿತು. ಆ ಆಯೋಗವೇ 2020–21ಕ್ಕೆ ಹೇಳಿದ್ದ 5,495 ಕೋಟಿ ರೂಪಾಯಿಯ ವಿಶೇಷ ಅನುದಾನ ಬರಲಿಲ್ಲ. ಆಗ ರಾಜ್ಯದ 28ರಲ್ಲಿ 25 ಸಂಸದರು ಕೇಂದ್ರದ ಆಡಳಿತ ಪಕ್ಷದವರೇ, ಬೆಂಗಳೂರಿನಲ್ಲೂ ಅದೇ ಪಕ್ಷ. ಪಕ್ಷದೊಳಗೆ ಇದ್ದುಕೊಂಡೇ ಈ ಮಾತು ಗಟ್ಟಿಯಾಗಿ ಎತ್ತಿದ್ದರೆ ಯಾರ ಸ್ಥಾನವೂ ಹೋಗುತ್ತಿರಲಿಲ್ಲ. ವಿಪ್ ಇರುವುದು ಮತಕ್ಕೆ, ಮಾತಿಗಲ್ಲ.

ರೈಲ್ವೆಯದ್ದು ಓದಲು ಸುಲಭ. ಪ್ರತಿ ಬಜೆಟ್ ಆದ ಮೇಲೆ ರೈಲ್ವೆ ಸಚಿವಾಲಯ ವಲಯವಾರು ಕಾಮಗಾರಿ ಪುಸ್ತಕ ಹಾಕುತ್ತದೆ. ‘ಪಿಂಕ್ ಬುಕ್’ ಎಂದೇ ಹೆಸರು. ಹುಬ್ಬಳ್ಳಿ ಕೇಂದ್ರವಾಗಿರುವ ನೈರುತ್ಯ ರೈಲ್ವೆಯದ್ದನ್ನು ತೆಗೆದರೆ ಪ್ರತಿ ಮಾರ್ಗದ ಮುಂದೆ ಒಟ್ಟು ಅಂದಾಜು, ಈವರೆಗಿನ ಖರ್ಚು, ಈ ವರ್ಷದ ಹಂಚಿಕೆ ಸಿಗುತ್ತದೆ. ಅಂಕಿಗಳು ಸಾವಿರ ರೂಪಾಯಿ ಲೆಕ್ಕದಲ್ಲಿರುತ್ತವೆ ಎಂಬುದನ್ನು ಮರೆತು ಓದಿದವರು ತಪ್ಪು ತಿಳಿಯುತ್ತಾರೆ. ಹಂಚಿಕೆಯ ಕಡೆ ಬರೀ 1 ಎಂದಿದ್ದರೆ ಒಂದು ಸಾವಿರ ರೂಪಾಯಿ ಎಂದರ್ಥ. ಯೋಜನೆ ಸತ್ತಿಲ್ಲ ಎಂದು ತೋರಿಸಲು ಇಟ್ಟ ಸಾಂಕೇತಿಕ ಹಣ ಅದು. ‘ನಮ್ಮ ಮಾರ್ಗ ಬಜೆಟ್‌ನಲ್ಲಿ ಸೇರಿದೆ’ ಎಂದು ಯಾರಾದರೂ ಪ್ರಕಟಣೆ ಕೊಟ್ಟ ದಿನ ಈ ಸಾಲು ನೋಡಿದರೆ ಸಾಕು.

ಜಿಲ್ಲೆಯಲ್ಲೇ ಸಂಸದರನ್ನು ಹಿಡಿಯುವ ಜಾಗ ‘ದಿಶಾ’ ಸಮಿತಿ. ಕೇಂದ್ರದ ಯೋಜನೆಗಳ ಉಸ್ತುವಾರಿಗೆ ಇರುವ ಈ ಸಮಿತಿಗೆ ಸಂಸದರೇ ಅಧ್ಯಕ್ಷರು, ಮೂರು ತಿಂಗಳಿಗೊಮ್ಮೆ ಸೇರಬೇಕು. ಉದ್ಯೋಗ ಖಾತ್ರಿಯಿಂದ ಮನೆ ಮನೆಗೆ ನಲ್ಲಿಯವರೆಗೆ ಎಲ್ಲ ಇಲ್ಲಿಗೆ ಬರುತ್ತವೆ. ಸಭೆ ನಡೆದ ದಿನ ಅಧಿಕಾರಿಗಳನ್ನು ತರಾಟೆಗೆ ತೆಗೆದುಕೊಂಡ ಸುದ್ದಿ ಬರುತ್ತದೆ, ಹಿಂದಿನ ಸಭೆಯ ತೀರ್ಮಾನ ಏನಾಯಿತು ಎಂಬುದು ಬರುವುದಿಲ್ಲ. ನಡಾವಳಿ ಬೇಕಾದರೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಬಹುದು: ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ; ಎರಡು ವಿಷಯ ಸೇರಿಸಿದರೆ ಮೊದಲನೆಯದಕ್ಕೆ ಮಾತ್ರ ಉತ್ತರ ಕೊಟ್ಟು, ಉಳಿದದ್ದಕ್ಕೆ ಬೇರೆ ಅರ್ಜಿ ಹಾಕಿ ಎನ್ನಬಹುದು. ‘ಸಂಸದರು ಏನು ಕೆಲಸ ಮಾಡಿದ್ದಾರೆ ತಿಳಿಸಿ’ ಎಂದು ಬರೆದರೆ ಅಂಥ ಮಾಹಿತಿ ನಮ್ಮಲ್ಲಿಲ್ಲ ಎಂಬ ಉತ್ತರ ಖಂಡಿತ. ‘ಸಂಸದರ ನಿಧಿಯಲ್ಲಿ ಇಂಥ ವರ್ಷ ಶಿಫಾರಸಾದ ಕಾಮಗಾರಿಗಳ ಪಟ್ಟಿ, ಶಿಫಾರಸಿನ ದಿನಾಂಕ, ಮಂಜೂರಾದ ದಿನಾಂಕ ಮತ್ತು ಮೊತ್ತ, ಮುಗಿದ ದಿನಾಂಕ’ ಎಂದು ಬರೆದರೆ ಪಟ್ಟಿ ಕೈಗೆ ಬರುತ್ತದೆ. ಶಿಫಾರಸು ಬಂದ ಮೇಲೆ 45 ದಿನಗಳಲ್ಲಿ ಮಂಜೂರು ಇಲ್ಲವೇ ತಿರಸ್ಕಾರ ಆಗಬೇಕು. ಆ ಎರಡು ದಿನಾಂಕಗಳ ನಡುವಿನ ಅಂತರ ನೋಡಿದರೆ ತಡ ಸಂಸದರದೋ ಕಚೇರಿಯದೋ ಗೊತ್ತಾಗುತ್ತದೆ.

ಚುನಾವಣೆಗೆ ಮುಂಚೆ ನೋಡಬೇಕಾದದ್ದು ಅಭ್ಯರ್ಥಿಯ ಪ್ರಮಾಣಪತ್ರ, ಅಂದರೆ ನಮೂನೆ 26. ಚುನಾವಣಾ ಆಯೋಗದ ಜಾಲತಾಣದಲ್ಲಿ ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಒಟ್ಟು ಆಸ್ತಿಯ ಅಂಕಿ ಸುದ್ದಿಯಾಗುತ್ತದೆ; ಹಿಂದಿನ ಚುನಾವಣೆಯ ಪ್ರಮಾಣಪತ್ರದ ಪಕ್ಕ ಇಟ್ಟು, ಐದು ವರ್ಷದ ಆದಾಯ ತೆರಿಗೆ ಲೆಕ್ಕದ ಆದಾಯಕ್ಕೂ ಬೆಳೆದ ಆಸ್ತಿಗೂ ತಾಳೆಯಾಗುತ್ತದೆಯೇ ಎಂದು ನೋಡುವುದು ಮುಖ್ಯ. ಸಂಗಾತಿ ಮತ್ತು ಅವಲಂಬಿತರ ಕಾಲಂಗಳನ್ನು ಬಿಡಬಾರದು. ಕ್ರಿಮಿನಲ್ ಪ್ರಕರಣಗಳ ಸಂಖ್ಯೆ ನೋಡಿ ಹೌಹಾರುವುದು ಬೇಡ. ನಮ್ಮ ಭಾಗದಲ್ಲಿ ನೀರಿಗಾಗಿ ರಸ್ತೆ ತಡೆದವರ ಮೇಲೆ ಕೇಸುಗಳಿವೆ. ಭೂಮಿ ನುಂಗಿದ, ಹಲ್ಲೆ ಮಾಡಿದ ಕೇಸಿನ ಜೊತೆ ಅವನ್ನು ಒಂದೇ ತಕ್ಕಡಿಯಲ್ಲಿ ತೂಗಬಾರದು. ಕಲಂ ಯಾವುದು, ದೋಷಾರೋಪ ನಿಗದಿಯಾಗಿದೆಯೇ, ಶಿಕ್ಷೆಯಾಗಿದೆಯೇ ಎಂಬ ಮೂರು ಕಾಲಂ ಓದಿದರೆ ವ್ಯತ್ಯಾಸ ತಿಳಿಯುತ್ತದೆ. ಪ್ರಕರಣವಿರುವ ಅಭ್ಯರ್ಥಿ ಪ್ರಚಾರದ ಅವಧಿಯಲ್ಲಿ ಮೂರು ಸಲ ಪತ್ರಿಕೆಯಲ್ಲಿ ಪ್ರಕಟಿಸಬೇಕು. ಇಂಥವರನ್ನೇ ಯಾಕೆ ಆರಿಸಿದೆವು ಎಂದು ಪಕ್ಷವೂ ಕಾರಣ ಹೇಳಬೇಕೆಂದು ಸುಪ್ರೀಂ ಕೋರ್ಟ್ 2020ರ ಫೆಬ್ರುವರಿಯಲ್ಲಿ ಹೇಳಿದೆ. ಬರೀ ‘ಗೆಲ್ಲುವ ಸಾಮರ್ಥ್ಯ’ ಕಾರಣವಾಗಬಾರದು ಎಂದೂ ಹೇಳಿದೆ.

ಪಕ್ಷಾಂತರದ ಬಗ್ಗೆ ಹೆಚ್ಚು ಬರೆಯಲಾರೆ. 2019ರಲ್ಲಿ ಅನರ್ಹಗೊಂಡ 17 ಶಾಸಕರಲ್ಲಿ ಹಿರೇಕೆರೂರು ಮತ್ತು ರಾಣೆಬೆನ್ನೂರಿನವರು ನಮ್ಮ ಹಾವೇರಿ ಜಿಲ್ಲೆಯವರೇ. ಅನರ್ಹತೆ ಸರಿ ಎಂದ ಸುಪ್ರೀಂ ಕೋರ್ಟ್ ಮತ್ತೆ ಸ್ಪರ್ಧಿಸಲು ಬಿಟ್ಟಿತು, ಡಿಸೆಂಬರ್‌ನಲ್ಲಿ ಉಪಚುನಾವಣೆಯಾಯಿತು, ಹಿರೇಕೆರೂರಿನಲ್ಲಿ ಅವರೇ ಬೇರೆ ಪಕ್ಷದಿಂದ ಗೆದ್ದು ಬಂದರು. ಕಾನೂನಿನ ತೂತು ಒಂದು ಕಡೆ. ಆ ತೂತಿನಿಂದ ಬಂದವರಿಗೆ ಮತ ಹಾಕಿದವರು ನಾವು ಎಂಬುದು ಇನ್ನೊಂದು ಕಡೆ.

ದಿಲ್ಲಿಯ ನಾಯಕರ ಮುಖ ನೋಡಿ ಮತ ಹಾಕುವುದು ತಪ್ಪೆಂದು ಹೇಳುತ್ತಿಲ್ಲ. ಬಹುಮತ ಬಂದ ಪಕ್ಷದವರೇ ಪ್ರಧಾನಿಯಾಗುವ ವ್ಯವಸ್ಥೆ ಇದು. ನರೇಂದ್ರ ಮೋದಿಯವರಿಗಾಗಿ ಒಬ್ಬರು, ರಾಹುಲ್ ಗಾಂಧಿಯವರಿಗಾಗಿ ಇನ್ನೊಬ್ಬರು ಗುಂಡಿ ಒತ್ತಿದರೆ ಅದು ಅವರವರ ಹಕ್ಕು. ಆದರೆ ಮತಯಂತ್ರದ ಮೇಲೆ ಇರುವುದು ಸ್ಥಳೀಯ ಅಭ್ಯರ್ಥಿಯ ಹೆಸರು, ಮುಂದಿನ ಐದು ವರ್ಷ ನಮ್ಮ ಪರವಾಗಿ ಸಂಬಳ ಪಡೆಯುವವರೂ ಅವರೇ. ‘ಮೇಲಿನವರನ್ನ ನೋಡಿ ಹಾಕೀವಿ’ ಎಂದು ಹೇಳಿಬಿಟ್ಟರೆ ಕೆಳಗಿನವರು ಯಾರಿಗೂ ಉತ್ತರ ಹೇಳಬೇಕಿಲ್ಲ ಎಂದಾಗುತ್ತದೆ. ಪಕ್ಷಗಳು ಟಿಕೆಟ್ ಕೊಡುವಾಗ ಅಭ್ಯರ್ಥಿಯ ಸದನದ ಕೆಲಸವನ್ನು ಗಣನೆಗೇ ತೆಗೆದುಕೊಳ್ಳದಿರುವುದು ಇದೇ ಧೈರ್ಯದಿಂದ.

ಪತ್ರಿಕೆಯಿಂದ ಒಂದು ಕೆಲಸ ಆಗಬೇಕು. ಪ್ರತಿ ಅಧಿವೇಶನ ಮುಗಿದ ವಾರ ಧಾರವಾಡ, ಹಾವೇರಿ, ಬಾಗಲಕೋಟೆಯ ಸಂಸದರ ಸದನದ ಲೆಕ್ಕವನ್ನು ಜಿಲ್ಲಾ ಪುಟದಲ್ಲಿ ಅರ್ಧ ಪುಟ ಹಾಕಿ. ಪ್ರಶ್ನೆಗಳ ಸಂಖ್ಯೆ ಸಾಲದು. ಈ ಮೂರು ಕ್ಷೇತ್ರಗಳಿಗೆ ಸಂಬಂಧಿಸಿದ ಪ್ರಶ್ನೆಯ ಪೂರ್ಣ ಪಾಠ, ಸಚಿವರ ಉತ್ತರ, ಹಿಂದಿನ ಅಧಿವೇಶನದ ಭರವಸೆಗಳ ಸ್ಥಿತಿ ಇರಲಿ. ಸಚಿವರಾದವರದ್ದಾದರೆ ಅವರ ಖಾತೆಯ ಬಾಕಿ ಭರವಸೆಗಳು ಎಷ್ಟು ಎಂಬುದು ಬರಲಿ. ಅಧಿವೇಶನದ ದಿನಾಂಕ ಪ್ರಕಟವಾದ ಕೂಡಲೇ ಓದುಗರಿಂದ ಪ್ರಶ್ನೆಗಳನ್ನು ಆಹ್ವಾನಿಸಿ, ಆಯ್ದ ಹತ್ತನ್ನು ಸಂಸದರ ಕಚೇರಿಗೆ ಕಳಿಸಿ, ಯಾವುದನ್ನು ಕೇಳಿದರು, ಯಾವುದನ್ನು ಬಿಟ್ಟರು ಎಂದು ಕೊನೆಗೆ ಪ್ರಕಟಿಸಿ. ಪ್ರಶ್ನೆಗೆ ಕನಿಷ್ಠ 15 ದಿನಗಳ ಮುನ್ಸೂಚನೆ ಬೇಕಾದ್ದರಿಂದ ಅಧಿವೇಶನ ಶುರುವಾದ ಮೇಲೆ ಕೇಳಿದರೆ ಮೊದಲ ವಾರಗಳು ಕೈತಪ್ಪುತ್ತವೆ. ನನ್ನ ಕಡೆಯಿಂದ ಎರಡು ಪ್ರಶ್ನೆ ಈಗಲೇ ಸೇರಿಸಿಕೊಳ್ಳಿ: ಕಳಸಾ ಮತ್ತು ಬಂಡೂರಿ ನಾಲೆಗಳಿಗೆ ಬಾಕಿ ಇರುವ ಪ್ರತಿ ಅನುಮತಿಯ ಅರ್ಜಿ ಸಲ್ಲಿಕೆಯ ದಿನಾಂಕ ಮತ್ತು ಅದು ಈಗಿರುವ ಕಚೇರಿ ಯಾವುದು, ಧಾರವಾಡ–ಬೆಳಗಾವಿ ಕಿತ್ತೂರು ಮಾರ್ಗದ ಹೊಸ ರೈಲು ಹಾದಿಗೆ ಸ್ವಾಧೀನವಾದ ಜಮೀನು ಎಷ್ಟು ಎಕರೆ, ಉಳಿದದ್ದು ಎಷ್ಟು, ಕಳೆದ ಮಾರ್ಚ್ 31ರವರೆಗಿನ ಖರ್ಚು ಎಷ್ಟು?

ಇಂತಿ ನಿಮ್ಮ ವಿಶ್ವಾಸಿ,
ಹಾವೇರಿ ಕ್ಷೇತ್ರದ ಒಬ್ಬ ಮತದಾರ